ಕರಪತ್ರ ಹೊಲಿಯುತ್ತಿದ್ದ ಥಾಮಸೀನ್

ಲಂಡನ್ನಿನ ಸ್ಮಿತ್‌ಫೀಲ್ಡ್ ದನದ ಸಂತೆಯ ಹಿಂದಿನ ಓಣಿಯಲ್ಲಿ ಥಾಮಸೀನ್ ಗ್ಯಾರುಡ್ ಎಂಬ ವಿಧವೆಯಿದ್ದಳು. ಅಚ್ಚಿನ ಮನೆಯಿಂದ ಬಂದ ಹಾಳೆಗಳನ್ನು ಮಡಚಿ, ದಬ್ಬಳದಿಂದ ಮೂರು ತೂತು ಹಾಕಿ, ದಾರ ಪೋಣಿಸಿ ಹೊಲಿಯುವುದು ಅವಳ ಕಸುಬು. ಗಂಡ ಜೇಬೆಜ್ ರಾಜನ ವಿರುದ್ಧದ ಯುದ್ಧಕ್ಕೆ ಪಾರ್ಲಿಮೆಂಟಿನ ಕಡೆಯ ಸಿಪಾಯಿಯಾಗಿ ಹೋದವನು ಮರಳಲಿಲ್ಲ. ಆಮೇಲೆ ಕಾಲವೇ ಮಗುಚಿ ಬಿತ್ತು. ತಲೆ ಕಡಿಸಿಕೊಂಡ ರಾಜನ ಮಗ ಸಿಂಹಾಸನವೇರಿದ, ಬಿಷಪ್ಪರು ಮರಳಿದರು. ಅಪ್ಪಣೆಯಿಲ್ಲದೆ ಅಚ್ಚಾದದ್ದನ್ನು ಮನೆಮನೆ ಹೊಕ್ಕು ಹುಡುಕುವ ಅಧಿಕಾರಿಗಳೂ ಬಂದರು.

ಮುದ್ರಕ ಎಜ್ರಾ ಪೆನ್‌ಫೋಲ್ಡ್ ಮಾತ್ರ ಬದಲಾಗಲಿಲ್ಲ. ಅವನು ಕಳಿಸುವ ಪಂಚಾಂಗದ ಹಾಳೆಗಳ ನಡುವೆ ಬೇರೆ ಹಾಳೆಗಳೂ ಇರುತ್ತಿದ್ದವು. ಥಾಮಸೀನ್ ಅವನ್ನು ಓದುತ್ತಿರಲಿಲ್ಲ. ಓದದಿದ್ದರೆ ಗೊತ್ತಿಲ್ಲ ಎನ್ನಬಹುದಲ್ಲ ಎಂಬ ಧೈರ್ಯ. ಆದರೆ ಒಂದು ದಿನ ಮಡಚುವಾಗ ಕಣ್ಣು ತಪ್ಪಿ ಒಂದು ಸಾಲಿನ ಮೇಲೆ ಬಿತ್ತು: ರಾಜನೂ ತನ್ನ ಪ್ರಜೆಗಳಿಗೆ ಉತ್ತರ ಹೇಳಬೇಕಾದವನೇ. ಇಷ್ಟನ್ನು ಅಚ್ಚು ಹಾಕಿದವರನ್ನು ಗಲ್ಲಿಗೇರಿಸಿದ್ದು ಅವಳಿಗೆ ಗೊತ್ತಿತ್ತು. ಆದರೂ ಹೊಲಿಯುವುದನ್ನು ಬಿಡಲಿಲ್ಲ.

ಅವಳ ಹೆದರಿಕೆಯೆಲ್ಲ ನಾದಿನಿ ಡಾರ್ಕಾಸಳ ಬಗ್ಗೆ. ಪ್ರತಿ ಭಾನುವಾರ ಇಗರ್ಜಿಯಲ್ಲಿ ರಾಜನಿಗಾಗಿ ಪ್ರಾರ್ಥಿಸುವವಳು. ದಿನಾ ಬಂದು ಎದುರಿಗೆ ಕೂತು ಅತ್ತಿಗೆಯ ಕೈಯನ್ನೇ ನೋಡುವಳು.

"ನೀನು ಏನು ಹೊಲೀತೀಯ ಅಂತ ಪಾದ್ರಿಗಳು ಕೇಳಿದ್ರು, ಅತ್ತಿಗೆ," ಎಂದಿದ್ದಳು ಒಮ್ಮೆ.

"ನೀನೇನಂದೆ?"

"ಏನಾದ್ರೂ ಅಂದೆ ಬಿಡು."

ಮಾರ್ಚಿನ ಒಂದು ಬೆಳಿಗ್ಗೆ ಡಾರ್ಕಾಸ್ ಓಟ್ ಗಂಜಿಯ ಪಾತ್ರೆ ಹಿಡಿದು ಏದುಸಿರು ಬಿಡುತ್ತ ಬಂದಳು. "ಪೆನ್‌ಫೋಲ್ಡ್‌ನ ಹಿಡ್ಕೊಂಡು ಹೋದ್ರಂತೆ. ಈಗ ಓಣಿ ಒಳಗೆ ಬರ್ತಿದಾರೆ."

ಮೇಜಿನ ಮೇಲೆ ಹೊಲಿದಿಟ್ಟ ಮೂವತ್ತು ಕರಪತ್ರಗಳಿದ್ದವು. ಸುಡಲು ಹೊತ್ತಿರಲಿಲ್ಲ. ಥಾಮಸೀನ್ ಅವನ್ನು ಒಟ್ಟು ಸೇರಿಸಿ ಲಂಗದೊಳಗೆ ಸೊಂಟಕ್ಕೆ ಕಟ್ಟಿಕೊಂಡು ಗಿಡ್ಡ ಪೀಠದ ಮೇಲೆ ಕೂತಳು. ಬಾಗಿಲು ತಟ್ಟುವ ಸದ್ದೂ ಆಗಲಿಲ್ಲ, ನೇರ ತೆರೆದುಕೊಂಡಿತು.

ಒಳನುಗ್ಗಿದ ಅಧಿಕಾರಿ ಹುಲ್ಲಿನ ಹಾಸಿಗೆ ಬಗೆದ, ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ. ಸಿಕ್ಕಿದ್ದು ಇನ್ನೂ ಹೊಲಿಯದ ಪಂಚಾಂಗದ ಹಾಳೆಗಳು ಮಾತ್ರ. ಆಮೇಲೆ ತನ್ನ ಕೋಟಿನಿಂದ ಒಂದು ಕರಪತ್ರ ತೆಗೆದು ಅವಳ ಮುಂದೆ ಬಿಡಿಸಿದ.

"ಹಾಳೆ ಮಡಿಕೆ ಒಳಗೆ ಎರಡು ಸುತ್ತಿನ ಗಂಟು. ಈ ಊರಲ್ಲಿ ಬೇರೆ ಯಾರೂ ಹೀಗೆ ಹಾಕಲ್ಲ ಕಣಮ್ಮ. ಎಲ್ಲಿ, ನನ್ನೆದುರಿಗೇ ಒಂದು ಪಂಚಾಂಗ ಹೊಲಿ ನೋಡೋಣ."

ಥಾಮಸೀನ್ ಸೂಜಿ ಹಿಡಿದಳು. ಹೊರಗೆ ಗಂಟು ಹಾಕು, ಒಂದೇ ಸುತ್ತು ಸುತ್ತು ಎಂದು ಮನಸ್ಸು ಕೂಗುತ್ತಿತ್ತು. ಲಂಗದೊಳಗಿನ ಕಟ್ಟು ಇಷ್ಟಿಷ್ಟೇ ಜಾರುತ್ತಿತ್ತು. ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದ ಬೆರಳುಗಳಿಗೆ ಅವಳ ಮಾತು ಕೇಳಿಸಲಿಲ್ಲ. ದಾರ ಒಳಗೆ ಹೋಯಿತು, ಎರಡು ಸುತ್ತು ಸುತ್ತಿತು, ಗಂಟಾಯಿತು.

ಅಧಿಕಾರಿ ಎರಡನ್ನೂ ಅಕ್ಕಪಕ್ಕ ಹಿಡಿದು ನಕ್ಕ.

"ಅಯ್ಯೋ ಸ್ವಾಮಿ, ಇದೇನು ಮಹಾ ಗುಟ್ಟಾ?" ಎಂದಳು ಡಾರ್ಕಾಸ್. ಥಾಮಸೀನಳ ಕೈಯಿಂದ ಸೂಜಿ ಕಿತ್ತುಕೊಂಡು, ಇನ್ನೊಂದು ಪಂಚಾಂಗ ಎಳೆದು ಹೊಲಿದೇಬಿಟ್ಟಳು. ಅದೇ ಮಡಿಕೆಯೊಳಗೆ, ಅದೇ ಎರಡು ಸುತ್ತು. "ಇದು ನಮ್ಮಮ್ಮನ ಗಂಟು. ಅರ್ಧ ಓಣಿಗೆ ಕಲಿಸಿ ಸತ್ತಳು. ಎಷ್ಟು ಜನರನ್ನ ಎಳ್ಕೊಂಡು ಹೋಗ್ತೀರಿ? ನಾನು ಭಾನುವಾರ ತಪ್ಪಿಸೋಳಲ್ಲ, ಪಾದ್ರಿಗಳನ್ನೇ ಕೇಳಿ."

ಅವನು ಮೂರೂ ಗಂಟುಗಳನ್ನು ನೋಡಿದ. ಮುಖ ಬಿಗಿದುಕೊಂಡಿತು. ಇಬ್ಬರ ಹೆಸರನ್ನೂ ಬರೆದುಕೊಂಡು, "ಮತ್ತೆ ಬರ್ತೀನಿ," ಎಂದು ಹೊರಟ.

ಬೂಟಿನ ಸದ್ದು ಓಣಿ ದಾಟುವವರೆಗೆ ಇಬ್ಬರೂ ಅಲುಗಾಡಲಿಲ್ಲ. ಡಾರ್ಕಾಸಳ ತಾಯಿ ಬದುಕಿನಲ್ಲಿ ಪುಸ್ತಕ ಹೊಲಿದವಳೇ ಅಲ್ಲ. ದಿನಾ ಎದುರಿಗೆ ಕೂತು ನೋಡಿ ನೋಡಿಯೇ ಡಾರ್ಕಾಸ್ ಅದನ್ನು ಕಲಿತಿದ್ದಳು.

"ನೀನೇ ಗೂಢಚಾರಿಣಿ ಅಂದ್ಕೊಂಡಿದ್ದೆ," ಎಂದಳು ಥಾಮಸೀನ್.

"ಅಂದ್ಕೋ. ರಾಜನ್ನ ಬೈಯೋ ನಿಮ್ಮ ಜನ ನಂಗೆ ಈಗಲೂ ಆಗಲ್ಲ." ಡಾರ್ಕಾಸ್ ಬಾಗಿಲಿಗೆ ಅಗುಳಿ ಹಾಕಿದಳು. "ಆದ್ರೆ ನನ್ನಣ್ಣನ ಹೆಂಡ್ತೀನ ಗಾಡಿ ಮೇಲೆ ನಿಲ್ಸಿ ನೇಣಿಗೆ ಒಯ್ಯೋದು ನೋಡಕ್ಕಾಗಲ್ಲ. ತೆಗಿ ಅದನ್ನ, ಸುಡು."

ಒಂದೊಂದೇ ಹಾಳೆಯನ್ನು ಒಲೆಗೆ ಹಾಕಿದರು. ಒಟ್ಟಿಗೆ ಹಾಕಿದರೆ ಹೊಗೆ ದಟ್ಟವಾಗಿ ನೆರೆಯವರಿಗೆ ತಿಳಿದೀತೆಂಬ ಭಯ.

ಅಧಿಕಾರಿ ಮತ್ತೆ ಬರಲಿಲ್ಲ. ಆದರೆ ಬಂದೇ ಬರುತ್ತಾನೆಂದು ಥಾಮಸೀನ್ ಬದುಕಿರುವವರೆಗೂ ಕಾದಳು. ಓಣಿಯಲ್ಲಿ ಗಟ್ಟಿ ಹೆಜ್ಜೆ ಕೇಳಿದರೆ ಸಾಕು, ಕೈಯ ಸೂಜಿ ಕೆಳಗೆ ಬೀಳುತ್ತಿತ್ತು.

ಎಜ್ರಾನಿಗೆ ನೇಣು ತಪ್ಪಿತು, ಆದರೆ ಏಪ್ರಿಲಿನಲ್ಲಿ ಅವನನ್ನು ಸಂತೆಯ ಬಳಿ ಕಂಬದ ಹಲಗೆಗೆ ಕತ್ತು, ಕೈ ಸಿಕ್ಕಿಸಿ ನಿಲ್ಲಿಸಿದರು. ಜನ ಕೊಳೆತ ಎಲೆಕೋಸು ಎಸೆಯುತ್ತಿದ್ದರು. ಹೋಗಬಾರದೆಂದುಕೊಂಡೇ ಥಾಮಸೀನ್ ಹೋದಳು, ಗುಂಪಿನ ಹಿಂದೆ ನಿಂತಳು. ಎಜ್ರಾನ ಕಣ್ಣು ಅವಳನ್ನು ಕಂಡಿತು. ಅವನು ಕೂಡಲೇ, ಹಲಗೆಯೊಳಗೆ ಹೊರಳಿಸಲು ಆದಷ್ಟು ಕತ್ತನ್ನು ಹೊರಳಿಸಿ, ಬೇರೆ ಕಡೆ ದಿಟ್ಟಿಸಿದ.

ಜೂನಿನಲ್ಲಿ ಸೆರೆಮನೆಯ ಜ್ವರದಿಂದ ಅವನು ತೀರಿಕೊಂಡ. ಅಲ್ಲಿಯವರೆಗೂ ಯಾರ ಹೆಸರನ್ನೂ ಹೇಳಲಿಲ್ಲ.