ಹುಟ್ಟುವ ಮೊದಲೇ ಹೆಣೆದ ಕುಂಚಿಗೆ

ಗೋಕಾಕದಂಥ ಉರಿಬಿಸಿಲಿನ ಊರಿನಲ್ಲಿ ಕೂತು ಉಲನ್ ಹೆಣೆಯುವವಳೆಂದರೆ ಜನಕ್ಕೆ ನಗು. ಏಪ್ರಿಲ್ ತಿಂಗಳಲ್ಲಿ ನನ್ನ ತೊಡೆಯ ಮೇಲೆ ಸ್ವೆಟರ್ ಬಿದ್ದಿರುವುದನ್ನು ಕಂಡವರೆಲ್ಲ ಒಂದೇ ಮಾತು ಕೇಳುತ್ತಾರೆ, ಸೆಕೆ ಆಗುವುದಿಲ್ಲವೇ ಎಂದು. ಆಗುತ್ತದೆ. ಕೈ ಬೆವತು ಎಳೆ ಜಾರುತ್ತದೆ, ಬೆರಳಿಗೆ ಬಣ್ಣ ಹತ್ತುತ್ತದೆ, ಬಿಳಿ ಉಲನ್ ಮುಟ್ಟುವ ಮುನ್ನ ಪ್ರತಿ ಸಲ ಸಾಬೂನು ಹಚ್ಚಿ ಕೈ ತೊಳೆಯಬೇಕು. ಆದರೆ ಮಳೆಗಾಲಕ್ಕೆ ಬೇಕಾದ ಸ್ವೆಟರನ್ನು ಮಳೆಗಾಲದಲ್ಲಿ ಶುರು ಮಾಡಿದರೆ ಅದು ಮುಗಿಯುವುದು ದೀಪಾವಳಿಗೆ. ಹೆಣೆಯುವವಳು ಯಾವಾಗಲೂ ಚಳಿಗಿಂತ ಮುಂದೆ ಇರಬೇಕು. ಇದು ನನ್ನ ಕಸುಬಿನ ಮೊದಲ ಪಾಠ. ನನ್ನ ತಮ್ಮನ ಅತ್ತೆಮನೆಯವರ ಪ್ರಕಾರ ಇದೇ ನನ್ನ ಮೊದಲ ಅಪರಾಧ.

ಆ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ತಮ್ಮ ಮೂಡಲಗಿಯಲ್ಲಿ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ, ಮನೆ ಮಾಡಿರುವುದೂ ಅಲ್ಲೇ. ಹೆಂಡತಿ ಹುಕ್ಕೇರಿಯವಳು. ಕೆಲವು ವರ್ಷಗಳ ಹಿಂದೆ ಅವಳು ಮೊದಲ ಸಲ ಬಸುರಾದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೆ ಮಕ್ಕಳಿಲ್ಲ, ಆಗುವುದೂ ಇಲ್ಲ. ಒಡಹುಟ್ಟಿದವನೆಂದರೆ ಅವನೊಬ್ಬನೇ. ಏಳನೇ ತಿಂಗಳಲ್ಲಿ ಅವಳಿಗೆ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ ಉಡಿ ತುಂಬುವ ಹೊತ್ತಿಗೆ ನಾನು ಬಿಳಿ ಉಲನ್ನಿನ ಕುಂಚಿಗೆಯೊಂದನ್ನು ಚೀಲದಿಂದ ತೆಗೆದು ಅವಳ ಉಡಿಯಲ್ಲಿ ಇಟ್ಟೆ. ತಲೆಗೆ ಟೊಪ್ಪಿಗೆಯಾಗಿ, ಬೆನ್ನಿಗೆ ಸೆರಗಾಗಿ ಇಳಿಯುವ ಕೂಸಿನ ಕುಂಚಿಗೆ. ಅಂಚಿಗೆ ಗುಲಾಬಿ ಎಳೆ ಕೂಡಿಸಿದ್ದೆ. ನಾನು ಹೆಣೆದವುಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಕೂತಿದ್ದ ಹೆಂಗಸರ ಬಾಯಿ ಒಮ್ಮೆಲೇ ಬಂದಾಯಿತು. ಹುಟ್ಟದ ಕೂಸಿಗೆ ನಮ್ಮ ಕಡೆ ಅರಿವೆ ಹೊಲಿಸುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಅಜ್ಜಿಯ ಹಳೆ ಸೀರೆಯ ತುಂಡನ್ನೇ. ನನಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಲಿಸುವುದು ಬೇರೆ, ಹೆಣೆಯುವುದು ಬೇರೆ ಎಂದುಕೊಂಡಿದ್ದೆ. ದರ್ಜಿ ಒಂದು ಮಧ್ಯಾಹ್ನದಲ್ಲಿ ಅಂಗಿ ಹೊಲಿದು ಕೊಡುತ್ತಾನೆ. ಕುಂಚಿಗೆಗೆ ವಾರಗಟ್ಟಲೆ ಬೇಕು, ನಡುವೆ ಗಿರಾಕಿಗಳ ಕೆಲಸ ಬೇರೆ. ಮೊದಲೇ ಹಿಡಿಯದೆ ಏನು ಮಾಡಲಿ? ಹಾಗಂತ ನಗುತ್ತಲೇ ಹೇಳಿದೆ. ಯಾರೂ ನಗಲಿಲ್ಲ.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಡಾಕ್ಟರು ತಾಯಿಯ ರಕ್ತದೊತ್ತಡ ಏರಿತ್ತು ಅಂದರು. ತಮ್ಮನ ಅತ್ತೆ ದವಾಖಾನೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದವಳು ನನ್ನನ್ನು ನೋಡಿದ್ದೇ ಎದ್ದು ಬಂದಳು.

"ನೀವು ಹುಟ್ಟೂಕಿಂತ ಮೊದಲ ಕುಂಚಗಿ ಮಾಡಿ ಇಟ್ರಿ. ಅದಕ್ಕ ಕೂಸು ಉಳೀಲಿಲ್ಲ," ಅಂದಳು.

ಆವತ್ತು ನಾನು ತಿರುಗಿ ಮಾತಾಡಲಿಲ್ಲ. ಮಾತಾಡಬೇಕಿತ್ತು. ಗೋಕಾಕದ ನಮ್ಮ ಓಣಿಯ ಮಕ್ಕಳೆಲ್ಲ ನನ್ನ ಟೊಪ್ಪಿಗೆ ಹಾಕಿಕೊಂಡೇ ಬೆಳೆದವರು, ಅವರಲ್ಲಿ ಎಷ್ಟು ಮಂದಿ ಸತ್ತಿದ್ದಾರೆ ಎಂದು ಕೇಳಬೇಕಿತ್ತು. ತಮ್ಮನ ಕಡೆ ನೋಡಿದೆ. ಅವನು ಚಪ್ಪಲಿ ನೋಡುತ್ತ ನಿಂತಿದ್ದ. ಅವನ ಹೆಂಡತಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳು ಆವತ್ತೂ ಒಂದು ಮಾತು ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ನನ್ನ ಮನೆಗೆ ಬರುವುದನ್ನು ಮಾತ್ರ ನಿಲ್ಲಿಸಿದಳು. ನಾನೇ ಮೂಡಲಗಿಗೆ ಹೋದರೆ ತಾಟು ಇಡುತ್ತಿದ್ದಳು, ರೊಟ್ಟಿ ನೀಡುತ್ತಿದ್ದಳು, ಇನ್ನೊಂದು ಹಾಕಲೇ ಎಂದೂ ಕೇಳುತ್ತಿದ್ದಳು, ಆದರೆ ಕಣ್ಣೆತ್ತುತ್ತಿರಲಿಲ್ಲ. ಬೈದಿದ್ದರೆ ಬೈಸಿಕೊಂಡು, ತಿರುಗಿ ಬೈದು, ಮುಗಿಸಿಬಿಡುತ್ತಿದ್ದೆ. ಸುಮ್ಮನಿರುವವರ ಜತೆ ಜಗಳ ಮಾಡುವುದು ನನಗೆ ಬರುವುದಿಲ್ಲ. ಅವಳ ಆ ಮರ್ಯಾದೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ತರಿಸುತ್ತಿತ್ತು.

ಎರಡನೇ ಸಲ ಬಸುರಾದದ್ದನ್ನು ಹೊಟ್ಟೆ ಕಾಣುವ ತನಕ ನನ್ನಿಂದ ಮುಚ್ಚಿಟ್ಟರು. ಕಡೆಗೆ ತಮ್ಮ ಫೋನು ಮಾಡಿದ. ಊಟ ಆಯಿತೇ, ಮಳೆ ಆಯಿತೇ ಎಂದು ಊರೆಲ್ಲ ಸುತ್ತಿ ಬಂದು ವಿಷಯಕ್ಕೆ ಇಳಿದ.

"ಅಕ್ಕಾ, ಈ ಸಲ ನೀ ಸೂಜಿ ಮುಟ್ಟಬ್ಯಾಡ."

ಸೂಜಿ ಮುಟ್ಟದಿದ್ದರೆ ಹೊಟ್ಟೆಗೇನು ತಿನ್ನಲಿ ಎಂದು ಕೇಳಿದೆ. ತನ್ನ ಕೂಸಿಗಷ್ಟೇ ಮಾಡಬೇಡ, ಊರ ಮಂದಿಗೆ ಏನಾದರೂ ಮಾಡಿಕೋ ಅಂದ. ಫೋನು ಇಟ್ಟ ಮೇಲೆ ನಾನು ಕೈಯಲ್ಲಿದ್ದ ಮಫ್ಲರನ್ನು ಗೋಡೆಗೆ ಎಸೆದೆ. ಉಲನ್ನಿನ ಮಫ್ಲರು ಗೋಡೆಗೆ ಬಡಿದರೆ ಸದ್ದೂ ಆಗುವುದಿಲ್ಲ, ಸಮಾಧಾನವೂ ಆಗುವುದಿಲ್ಲ.

ಆದರೂ ಮುಟ್ಟಲಿಲ್ಲ. ಅವರ ಮಾತನ್ನು ನಂಬಿ ಅಲ್ಲ. ಮತ್ತೇನಾದರೂ ಹೆಚ್ಚುಕಡಿಮೆಯಾದರೆ ನನ್ನ ತಲೆಗೇ ಕಟ್ಟುತ್ತಾರೆ ಎಂದು. ಪೇಟೆಯ ಉಲನ್ ಅಂಗಡಿಯ ಮುದುಕ ಸಾಹೇಬರು ಕೂಸಿನ ಮೈಗೆ ಚುಚ್ಚದ ಹೊಸ ಮಾಲು ಬಂದಿದೆ ಎಂದು ಎರಡು ಸಲ ಕರೆದು ತೋರಿಸಿದರು. ಎರಡು ಸಲವೂ ಬೇಡವೆಂದು ಬಂದೆ.

ಕೂಸು ಹುಕ್ಕೇರಿಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿತು. ಹೆಣ್ಣು. ಸುದ್ದಿ ಬಂದ ದಿನವೇ ಹೋಗಿ ಆ ಮಾಲು ತಂದು ಸೂಜಿಗೆ ಹಾಕಿದೆ. ತಿಂಗಳಿಗೆ ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದರು, ಸಮಯವೇನೋ ಸಾಕಾಗಿತ್ತು. ಸಾಕಾಗದಿದ್ದದ್ದು ನನ್ನ ಸಮಾಧಾನ. ಸಿಟ್ಟಿನಲ್ಲಿ ಹೆಣೆದರೆ ಕುಣಿಕೆ ಬಿಗಿಯಾಗುತ್ತದೆ, ಇದು ಸೂಜಿ ಹಿಡಿದವರಿಗೆಲ್ಲ ಗೊತ್ತು. ಸೀದಾ ಒಂದು, ಉಲ್ಟಾ ಒಂದು ಎಂದು ಎಣಿಸುತ್ತ ಹೋಗುತ್ತೇನೆ, ನಡುವೆ ದವಾಖಾನೆಯ ಕಟ್ಟೆ ನೆನಪಾಗುತ್ತದೆ, ಬೆರಳು ಎಳೆಯನ್ನು ಜಗ್ಗುತ್ತದೆ. ಟೊಪ್ಪಿಗೆಯ ಭಾಗ ಮುಗಿಸಿ ನನ್ನ ಮುಷ್ಟಿಗೆ ಹಾಕಿ ನೋಡಿದರೆ ಮುಷ್ಟಿಯೇ ಒಳಗೆ ಹೋಗುತ್ತಿರಲಿಲ್ಲ. ಬಿಚ್ಚಿದೆ. ಮತ್ತೆ ಹೆಣೆದೆ, ಮತ್ತೆ ಬಿಗಿ, ಮತ್ತೆ ಬಿಚ್ಚಿದೆ. ಕೂಸಿನ ತಲೆಗೆ ನನ್ನ ಸಿಟ್ಟು ಒತ್ತಬಾರದು ಎಂಬುದಷ್ಟೇ ನನ್ನ ಹಟವಾಗಿತ್ತು. ಕಡೆಗೆ ಬೆಳಗಿನ ಚಹಾಕ್ಕಿಂತ ಮೊದಲು, ಯಾರ ಮೇಲೂ ಇನ್ನೂ ಸಿಟ್ಟು ಬಂದಿರದ ಹೊತ್ತಿನಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಣೆದು ಮುಗಿಸಿದೆ.

ಬಾಣಂತಿಗೆ ಅಂಟಿನ ಉಂಡಿ ಕಟ್ಟಿದೆ. ಒಣಕೊಬ್ಬರಿ ತುರಿದು ತುರಿದು ಬೆರಳ ಗಂಟು ಕೆತ್ತಿಹೋಯಿತು. ನನ್ನನ್ನು ಕಂಡರಾಗದವಳಿಗೆ ಇಷ್ಟು ತುಪ್ಪ ಯಾಕೆ ಸುರಿಯುತ್ತಿದ್ದೇನೆ ಎಂದು ಪಾತ್ರೆಗಳನ್ನು ಕುಕ್ಕುತ್ತಲೇ ಸುರಿದೆ. ಗೋಕಾಕದಿಂದ ಬರುವವರ ಕೈಯಲ್ಲಿ ಕರದಂಟು ಇಲ್ಲದಿದ್ದರೆ ಅವರು ಬಂದ ಲೆಕ್ಕಕ್ಕೇ ಇಲ್ಲವಾದ್ದರಿಂದ ಅದರ ಡಬ್ಬಿಗಳೂ ಚೀಲ ಸೇರಿದವು. ನನ್ನ ಗಂಡ ಇದನ್ನೆಲ್ಲ ನೋಡಿ, "ತೊಟ್ಟಲಕ್ಕ ಹೊಂಟಿಯೋ, ಜಗಳಕ್ಕ ಹೊಂಟಿಯೋ?" ಎಂದು ಕೇಳಿದ. ಎರಡಕ್ಕೂ ಎಂದೆ.

ನಿಜವಾಗಿ ನಾನು ಹೊರಟದ್ದು ಒಂದೇ ಕೆಲಸಕ್ಕೆ. ತೊಟ್ಟಿಲಿಗೆ ಹಾಕಿದ ದಿನ ಕೂಸಿನ ಕಿವಿಯಲ್ಲಿ ಮೊದಲು ಕುರ್ರ್ ಎಂದು ಊದಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕತಂಗಿ. ಅಜ್ಜಿಗೂ ಆ ಹಕ್ಕಿಲ್ಲ, ಹೆತ್ತವಳಿಗೂ ಇಲ್ಲ. ನಾನು ಕುರ್ರ್ ಅನ್ನಬಹುದಾದ ಕಿವಿ ಈ ಲೋಕದಲ್ಲಿ ಇದೊಂದೇ ಜೋಡಿ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತ ಹುಕ್ಕೇರಿ ಮುಟ್ಟುವ ಹೊತ್ತಿಗೆ ಮನೆ ತುಂಬ ಮಂದಿ. ತಮ್ಮನ ಅತ್ತೆ ಬಾಗಿಲಿಗೇ ಬಂದು, "ಬರ್ರಿ, ಬರ್ರಿ," ಎಂದು ಕಾಲಿಗೆ ನೀರು ಕೊಟ್ಟಳು. ನನ್ನ ಕೈಯ ಚೀಲ ಇಸಿದುಕೊಂಡು ಕುಂಚಿಗೆಯನ್ನು ಮಾತ್ರ ಬೇರೆ ತೆಗೆದಳು. ಎರಡು ಬೆರಳಲ್ಲಿ ಹಿಡಿದು ಕಪಾಟಿನ ತಲೆಯ ಮೇಲೆ, ಹಳೆಯ ಸೂಟ್‌ಕೇಸುಗಳ ಸಂದಿನಲ್ಲಿ ಇಟ್ಟಳು. ಧೂಳು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು. ಕೂಸಿಗೆ ಅಂಗಡಿಯಿಂದ ತಂದ ನೈಲಾನ್ ಟೊಪ್ಪಿಗೆ ಹಾಕಿದ್ದರು. ಹಣೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಮುದ್ದಾದ ಕೂಸು, ನಮ್ಮ ಮನೆಯ ಮೂಗು. ಎತ್ತಿಕೊಳ್ಳಲು ಕೈ ಚಾಚಿದೆ. ಈಗಷ್ಟೇ ಮಲಗಿದೆ ಎಂದು ಯಾರೋ ಹೇಳಿದರು. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

ತಮ್ಮ ನನ್ನನ್ನು ಹಿತ್ತಲಿಗೆ ಕರೆದ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಕೌಜಲಗಿಯಿಂದ ಕಾಕಾನ ಮಗಳು ಬಂದಿದ್ದಾಳೆ, ಅವಳೂ ವರಸೆಯಲ್ಲಿ ಅತ್ತೆಯೇ ಆಗಬೇಕಲ್ಲ, ಈ ಸಲ ಅವಳೇ ಕುರ್ರ್ ಅನ್ನಲಿ ಎಂದು ಇವರೆಲ್ಲ ಮಾತಾಡಿದ್ದಾರೆ ಅಂದ. ಇವರೆಲ್ಲ ಯಾರು ಎಂದು ಕೇಳಿದೆ. ನೀನೇನಂದೆ ಎಂದು ಕೇಳಿದೆ. ಅವನು ಹಿತ್ತಲ ಬಾಗಿಲ ಕಡೆ ನೋಡಿದ. ಅವ್ವ ಹೋದ ಮೇಲೆ ಇವನಿಗೆ ಜಡೆ ಹಾಕುವುದೊಂದು ಬಿಟ್ಟು ಮಿಕ್ಕೆಲ್ಲವನ್ನೂ ಮಾಡಿ ಬೆಳೆಸಿದವಳು ನಾನು. ಕಪಾಳಕ್ಕೆ ಬಾರಿಸೋಣವೆನಿಸಿತು. ಮಂದಿಯ ಮನೆ ಎಂದು ಬಿಟ್ಟೆ.

ತೊಟ್ಟಿಲಿಗೆ ಹೂ ಕಟ್ಟಿ, ಕೂಸಿನ ಹಣೆಗೆ ವಿಭೂತಿ ಹಚ್ಚಿ ಮಲಗಿಸಿದರು. ಹೆಂಗಸರೆಲ್ಲ ಸುತ್ತುಗಟ್ಟಿದರು. ಬಾಣಂತಿ ತಲೆಗೆ ಅರಿವೆ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು. ಅತ್ತಿ ಬರಲಿ ಎಂದು ಕೂಗಿದರು. ಕಾಕಾನ ಮಗಳು ಎದ್ದಳು, ನನ್ನ ಕಡೆ ನೋಡಿದಳು, ಅರ್ಧಕ್ಕೇ ನಿಂತಳು. ಆ ಸಂದು ನನಗೆ ಸಾಕಾಯಿತು. ಮೂರು ಮಂದಿಯ ಕಾಲು ತುಳಿದುಕೊಂಡು ತೊಟ್ಟಿಲ ಹತ್ತಿರ ಹೋಗಿ ನಿಂತೆ. ತಮ್ಮನ ಅತ್ತೆ ನನ್ನ ರಟ್ಟೆ ಹಿಡಿದು, ನೀವು ಕೂತುಕೊಳ್ಳಿ ಎಂದು ನಗುಮುಖದಲ್ಲೇ ಹೇಳಿದಳು. ಬೆರಳುಗಳು ನಗುತ್ತಿರಲಿಲ್ಲ.

"ಕೂಸಿನ ಖಾಸಾ ಅತ್ತಿ ನಾನು," ಅಂದೆ. "ತಡಿಯೋರು ತಡೀರಿ."

ಆಗ ತಮ್ಮನ ಹೆಂಡತಿ ಮಾತಾಡಿದಳು. ಕಣ್ಣು ಮಾತ್ರ ತೊಟ್ಟಿಲ ಮೇಲೇ ಇತ್ತು.

"ಅವರ ಅನ್ಲಿ ಬಿಡವ್ವಾ."

ಗೆದ್ದೆ ಅನಿಸಿತು. ರಟ್ಟೆ ಬಿಡಿಸಿಕೊಂಡು ಬಗ್ಗಿದೆ. ಕೂಸಿನ ಕಿವಿಯ ಹತ್ತಿರ ಬಜೆಯ ವಾಸನೆ, ಹಾಲಿನ ವಾಸನೆ. ಕುರ್ರ್ ಅಂದೆ. ಮೊದಲ ಸಲ ಬರೀ ಗಾಳಿ ಹೊರಟಿತು, ಎರಡನೇ ಸಲಕ್ಕೆ ಸದ್ದು ಸರಿಯಾಗಿ ಬಂತು. ಆಮೇಲೆ ಹೆಸರು ಹೇಳಿದೆ.

ಕುರ್ರ್ ಅನ್ನುವ ಅತ್ತೆಯ ಬೆನ್ನಿಗೆ ಸುತ್ತ ನಿಂತವರು ಗುದ್ದುವುದು ನಮ್ಮಲ್ಲಿ ವಾಡಿಕೆ. ಚೇಷ್ಟೆಯ ಗುದ್ದು, ಬಳೆಯ ಸದ್ದೇ ಹೆಚ್ಚು. ಹಾಗೆಯೇ ನಾಲ್ಕಾರು ಬಿದ್ದವು, ಹೆಂಗಸರು ನಕ್ಕರು. ನಡುವೆ ಒಂದು ಗುದ್ದು ಬಿತ್ತು, ಅದು ಚೇಷ್ಟೆಯದಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ ಬಿದ್ದು ಎದೆಯ ತನಕ ಹೋಯಿತು. ಅದರ ಹಿಂದೆಯೇ ಇನ್ನೊಂದು. ಬಾಣಂತಿಯ ಜಾಗ ಖಾಲಿಯಾಗಿದ್ದುದು ಓರೆಗಣ್ಣಿಗೆ ಕಂಡಿತು. ಮೊದಲು ಯಾರೋ, ಚೊಲೋ ಹಾಕವ್ವ ಎಂದು ಹುರಿದುಂಬಿಸಿದರು. ಆಮೇಲೆ ಅವರ ನಗು ನಿಂತಿತು. ಸಾಕು ಎಂದು ತಮ್ಮನ ದನಿ ಬಾಗಿಲಿನಿಂದ ಬಂತು, ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. ಅವಳು ನಿಲ್ಲಿಸಲಿಲ್ಲ.

ನಾನು ಸುಮ್ಮನೆ ಹೊಡೆಸಿಕೊಳ್ಳುವ ಪೈಕಿ ಅಲ್ಲ. ತಿರುಗಿ ಅವಳ ಕೈ ಹಿಡಿದಿದ್ದರೆ ತಿಂಗಳ ಬಾಣಂತಿ, ಎಲ್ಲಿ ಬಿಡಿಸಿಕೊಳ್ಳುತ್ತಿದ್ದಳು? ಕೈ ತಿರುಗಿಸಲು ಹೊರಟೂ ಇದ್ದೆ. ಅಷ್ಟರಲ್ಲಿ ಅವಳ ಉಸಿರು ಕೇಳಿತು. ಒಂದೊಂದು ಗುದ್ದಿಗೂ ಗಂಟಲೊಳಗೆ ಏನೋ ಹರಿಯುವಂಥ ಸದ್ದು. ಅಷ್ಟು ವರ್ಷ ರೊಟ್ಟಿ ನೀಡಿದ ಕೈ ಅದು. ನಾನು ಆ ಕೂಸನ್ನು ಕೊಂದಿಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ, ನಾಳೆಯೂ ಹೇಳುತ್ತೇನೆ. ಆದರೆ ಅವಳು ಯಾರಿಗೆ ಗುದ್ದಬೇಕಿತ್ತು? ರಕ್ತದೊತ್ತಡಕ್ಕೆ ಬೆನ್ನಿಲ್ಲ.

ಗುದ್ದುಗಳು ನಿಧಾನವಾಗಿ ನಿಂತವು. ನಾನು ತೊಟ್ಟಿಲ ಹಗ್ಗ ಹಿಡಿದು ಸೊಂಟ ನೆಟ್ಟಗೆ ಮಾಡಿ ತಿರುಗಿದೆ. ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ತಲೆಗೆ ಕಟ್ಟಿದ ಅರಿವೆ ಬಿಚ್ಚಿಹೋಗಿತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು.

"ಸಾಕಾತೇನ?" ಎಂದು ಕೇಳಿದೆ.

"ಇಲ್ರಿ," ಅಂದಳು.

ನಾನು ಮತ್ತೆ ಬಗ್ಗಿದೆ.