೧೯೭೦ನೇ ಇಸವಿಯ ಒಣದ್ರಾಕ್ಷಿ

ಗೆಳೆಯರೇ, ಇವತ್ತು ಬೆಳಿಗ್ಗೆ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ದಸ್ತಗೀರ ಕಾಕಾ ಫೋನ್ ಮಾಡಿ ಬೈದರು. ಅವರ ಬಾಕ್ಸುಗಳಿಗೆ ಲೇಬಲ್ ಮುದ್ರಿಸುವ ಪ್ರೋಗ್ರಾಂ ಬರೆದುಕೊಟ್ಟವಳು ನಾನು.

"ಯವ್ವಾ, ನನ್ನ ಮಾಲು ೧೯೭೦ರ ಜನವರಿ ಒಂದಕ್ಕ ಪ್ಯಾಕ್ ಆಗೇತಂತ! ಎಲ್ಲಾ ಲೇಬಲ್ ಮ್ಯಾಲೂ ಹಂಗ ಬಂದೈತಿ. ಆವಾಗ ನಾ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗಾಂವ. ನಮ್ಮ ಹೊಲದಾಗ ದ್ರಾಕ್ಷಿ ಎಲ್ಲಿತ್ತು? ಜ್ವಾಳ ಇತ್ತು!"

ನಾನು ಮೊದಲು ಕೇಳಿದ್ದು ಇಷ್ಟೇ: "ಬಾಕ್ಸ್ ಲಾರಿ ಏರ್ಯಾವೇನ್ರಿ ಕಾಕಾ?"

"ಲಾರಿ ನಾಳೆ ಬರತೈತಿ. ಲೇಬಲ್ ಇನ್ನೂ ಹಚ್ಚಿಲ್ಲ."

ಹೋದ ಜೀವ ಬಂದಂತಾಯಿತು. ವಿಜಯಪುರದ ನನ್ನ ಮನೆಯಲ್ಲೇ ಕೂತು, ಇಂಟರ್ನೆಟ್ ಮೂಲಕ ಕಾಕಾರ ಪ್ರೋಗ್ರಾಂ ತೆರೆದು ನೋಡಿದೆ. ತಾರೀಖಿನ ಜಾಗದಲ್ಲಿ ಕಾಕಾ ಟೈಪ್ ಮಾಡಿದ್ದರು: 'ಅಮಾಸಿ ಮರುದಿನ'. ಬರೆದದ್ದನ್ನು ಕಂಪ್ಯೂಟರಿಗೆ ತಿಳಿಯುವ ತಾರೀಖಾಗಿ ಬದಲಿಸುವುದು ನನ್ನ ಪ್ರೋಗ್ರಾಂನ ಕೆಲಸ. ಅದಕ್ಕೆ ಅಮಾವಾಸ್ಯೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವ ಬದಲು, ಕಂಪ್ಯೂಟರುಗಳು ಕಾಲ ಎಣಿಸಲು ಶುರುಮಾಡುವ ದಿನವನ್ನೇ ಎತ್ತಿ ಕೊಟ್ಟಿದೆ. ಅದು ೧೯೭೦ರ ಮೊದಲ ದಿನ.

ವಿವರಿಸಿದೆ. ಕಾಕಾ ಬಿಡಲಿಲ್ಲ. "ತಿಳೀಲಿಲ್ಲಂದ್ರ ಕೇಳಬೇಕು ಬೇ, ಸುಳ್ಳ ಯಾಕ ಹೇಳಬೇಕು?"

ಮಾತು ನ್ಯಾಯವಾದದ್ದೇ. ಮಧ್ಯಾಹ್ನದೊಳಗೆ ತಿದ್ದಿದೆ. ಈಗ ಪ್ರೋಗ್ರಾಂ ತಿಳಿಯದಿದ್ದರೆ ಲೇಬಲ್ ಮುದ್ರಿಸುವುದಿಲ್ಲ. 'ತಾರೀಖು ಅರ್ಥವಾಗಲಿಲ್ಲ, ದಯವಿಟ್ಟು ಮತ್ತೆ ಬರೆಯಿರಿ' ಎಂದು ಮರ್ಯಾದೆಯಿಂದ ಕೇಳುತ್ತದೆ.

ಸಂಜೆ ನಿರಾಳವಾಗಿ ಚಹಾ ಕುಡಿಯುತ್ತ ಪ್ರೋಗ್ರಾಂ ತೆರೆದು ನೋಡಿದರೆ, ತಾರೀಖಿನ ಜಾಗದಲ್ಲಿ ಕಾಕಾ ಆಗಲೇ ಉತ್ತರ ಬರೆದಿದ್ದರು:

"ಹೇಳೀನಲ್ಲ ಬೇ, ಅಮಾಸಿ ಮರುದಿನ!"