ಟ್ಯಾಂಕಿಗೆ ಇಳಿಸಲಾಗದ ಲಾಟೀನು

ಹೊಸನಗರದ ಹತ್ತಿರದ ನಮ್ಮ ಮನೆಯ ಬಾವಿಗೆ ಪ್ರತಿ ಬೇಸಿಗೆ ಅಣ್ಣನೇ ಇಳಿದು ಹೂಳು ತೆಗೆಯುತ್ತಿದ್ದ. ಇಳಿಯುವ ಮೊದಲು ಉರಿಯುವ ಲಾಟೀನನ್ನು ಹಗ್ಗ ಕಟ್ಟಿ ತಳದವರೆಗೆ ಬಿಡಬೇಕೆಂದು ಅವನಿಗೆ ಕಲಿಸಿದವಳು ಅವ್ವ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ.

"ಎಂತ ಮಾರಾಯ, ಬಾವಿಗೆ ಆರತಿ ಎತ್ತಾ ಇದೀಯಾ?" ಎಂದು ಚಿಕ್ಕಪ್ಪ ರೇಗಿಸುತ್ತಿದ್ದರು.

"ಹಂಗಾರೆ ನೀವೇ ಇಳೀರಿ ಚಿಕ್ಕಪ್ಪ, ನಾನು ಮೇಲಿಂದ ಗಂಟೆ ಹೊಡೀತೀನಿ."

ಈ ಮಾತು ಅಣ್ಣನದೋ, ಅವನು ಹೋದ ಮೇಲೆ ನಾನು ಕಟ್ಟಿಕೊಂಡದ್ದೋ, ಈಗ ಹೇಳಲಾರೆ. ಲಾಟೀನಂತೂ ನಿಜ.

ಅರವತ್ತರ ದಶಕದ ಕೊನೆಗೆ ಅವನು ಕಚ್ಚಾ ಎಣ್ಣೆ ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ದಿನ, ಅವನು ತೀರಿಕೊಂಡನೆಂದೂ ದೇಹವನ್ನು ಸಮುದ್ರಕ್ಕೇ ಬಿಟ್ಟರೆಂದೂ ತಂತಿ ಬಂತು. ಆಮೇಲೆ ಅವನ ಜೊತೆ ಕೆಲಸಕ್ಕಿದ್ದ ಕುಂದಾಪುರದವನೊಬ್ಬ ಹುಲಿಕಲ್ ಘಾಟಿಯ ಬಸ್ಸು ಹತ್ತಿ ಬಂದ. ಅಣ್ಣನ ಟ್ರಂಕನ್ನು ಜಗಲಿಯಲ್ಲಿಟ್ಟು, ತೊಳೆಯಲೆಂದು ಹಡಗಿನ ಖಾಲಿ ಎಣ್ಣೆ ಟ್ಯಾಂಕಿಗೆ ಇಳಿದವನು ಉಸಿರುಕಟ್ಟಿ ಬಿದ್ದ ಎಂದ.

ಅವ್ವ ಕೇಳಿದ್ದು ಒಂದೇ. "ಲಾಟೀನು ಇಳಿಸ್ಲಿಲ್ವಾ ಅವ್ನು?"

"ಅಲ್ಲಿ ದೀಪ ಇಳ್ಸೂಕಾಗ ಅಮ್ಮ. ಎಣ್ಣಿ ಆವಿಗೆ ಒಂದ್ ಕಿಡಿ ಬಿದ್ರೂ ಹಡಗೇ ಹಾರಿ ಹೋತ್ತ್. ಬೆಂಕಿ ಹತ್ಬಾರ್ದು ಅಂದೇಳಿ ಬಾಯ್ಲರ್ ಹೊಗೆನ ನೀರಲ್ಲ್ ತೊಳ್ದು ಟ್ಯಾಂಕಿಗೆ ತುಂಬ್ತ್ರ್."

"ಬೆಂಕೀನೇ ಹತ್ತದ ಜಾಗ್ದಲ್ಲಿ ಮನ್ಷ ಹೆಂಗೆ ಉಸ್ರಾಡ್ತಾನೆ ಮಗಾ?"

"ಆ ಹೊಗೆ ತೆಗ್ದು, ಗಾಳಿ ತುಂಬ್ಸಿದ್ ಮೇಲೇ ಇಳೀಕ್. ಅವತ್ತ್ ಗಾಳಿ ಸಾಲ್ಲಿಲ್ಲ," ಎಂದು ಅವನು ತಲೆ ತಗ್ಗಿಸಿದ.

ರಸಾಯನಶಾಸ್ತ್ರ ಓದಿದ್ದ ನನಗೆ ಎಲ್ಲವೂ ಅರ್ಥವಾಯಿತು. ಆಮ್ಲಜನಕವಿಲ್ಲದಿದ್ದರೆ ಬೆಂಕಿಯಿಲ್ಲ, ಹಡಗು ಕ್ಷೇಮ. ಅವ್ವನಿಗೆ ಬೇಕಿದ್ದದ್ದು ಅದಲ್ಲ. ತಾನು ಕಲಿಸಿದ್ದನ್ನು ಮಗ ಮರೆತನೇ ಎಂಬುದಷ್ಟೇ ಅವಳಿಗೆ ತಿಳಿಯಬೇಕಿತ್ತು. ಅವನು ಮರೆತಿರಲಿಲ್ಲ, ಅಲ್ಲಿ ಅದು ನಡೆಯುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಸಮಾಧಾನವಾದೀತು ಅಂದುಕೊಂಡಿದ್ದೆ.

"ಹಂಗಾರೆ ನಾನು ಕಲ್ಸಿದ್ದು ಎಂತಕ್ಕೂ ಬರ್ಲಿಲ್ಲ," ಎಂದಳು.

ಮರು ಬೇಸಿಗೆಗೆ ಚಿಕ್ಕಪ್ಪ ಬಾವಿಗೆ ಲಾಟೀನು ಬಿಟ್ಟರು. ಅದು ಚೆನ್ನಾಗಿ ಉರಿಯುತ್ತಲೇ ಮೇಲೆ ಬಂತು. ಅವರು ಪಂಚೆ ಮೇಲೆ ಕಟ್ಟುವಷ್ಟರಲ್ಲಿ ಅವ್ವ ಬಂದು ಲಾಟೀನಿನ ಗಾಜು ಎತ್ತಿ, ಊದಿ ಆರಿಸಿದಳು.

"ಉರಿದ್ರೂ ಬೇಡ. ಯಾರೂ ಇಳೀಬೇಡಿ."

ಚಿಕ್ಕಪ್ಪ ಪಂಚೆ ಕೆಳಗಿಳಿಸಿ ಹಗ್ಗ ಸುತ್ತಿಟ್ಟರು. ಆ ವರ್ಷ ನಾವು ಕೆಸರು ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು. ಅದರ ಮುಂದಿನ ವರ್ಷವೂ.